ಡಿಸ್ನಿ ಒಂದೇ, ಊರು ಆರು: ಯಾವ ಪಾರ್ಕ್‌ನಲ್ಲಿ ಏನು ವ್ಯತ್ಯಾಸ?

ವಿದೇಶ ಪ್ರವಾಸದ ಮಾತು ಬಂದರೆ ಸಾಕು, ಮನೆಯ ಮಕ್ಕಳು ಮೊದಲು ಹೇಳುವ ಹೆಸರು ಡಿಸ್ನಿಲ್ಯಾಂಡ್. ಆದರೆ ಯಾವ ಡಿಸ್ನಿಲ್ಯಾಂಡ್? ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ವಿಮಾನ ಟಿಕೆಟ್ ಎಲ್ಲಿಗೆ ಅಗ್ಗ, ವೀಸಾ ಎಲ್ಲಿ ಬೇಗ ಸಿಗುತ್ತದೆ ಎಂದು ನೋಡಿ ಬುಕ್ ಮಾಡಿಬಿಡುತ್ತಾರೆ. ಕೋಟೆ, ಮಿಕ್ಕಿ, ಪಟಾಕಿ ಎಲ್ಲ ಕಡೆಯೂ ಒಂದೇ ತಾನೇ ಎಂಬುದು ಅವರ ಲೆಕ್ಕ.

ವಾಸ್ತವ ಹಾಗಿಲ್ಲ. ಒಂದೇ ಮಗುವಿಗೆ ಒಂದು ದೇಶದಲ್ಲಿ ಪ್ರವೇಶ ಉಚಿತ, ಇನ್ನೊಂದರಲ್ಲಿ ಟಿಕೆಟ್ ಬೇಕು. ಒಂದೇ ಹೆಸರಿನ ರೈಡ್‌ಗೆ ಒಂದು ಕಡೆ ಬಿಡುತ್ತಾರೆ, ಇನ್ನೊಂದು ಕಡೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ವರ್ಷಗಟ್ಟಲೆ ಕೂಡಿಟ್ಟ ಹಣ ಖರ್ಚು ಮಾಡುವ ಮೊದಲು ಈ ವ್ಯತ್ಯಾಸಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಆರು ಊರು, 12 ಪಾರ್ಕ್

ಮೊದಲ ಡಿಸ್ನಿಲ್ಯಾಂಡ್ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 1955ರ ಜುಲೈ 17ರಂದು ತೆರೆಯಿತು. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ 1971ರಲ್ಲಿ, ಟೋಕಿಯೊ 1983ರಲ್ಲಿ, ಪ್ಯಾರಿಸ್ 1992ರಲ್ಲಿ, ಹಾಂಗ್‌ಕಾಂಗ್ 2005ರಲ್ಲಿ ಮತ್ತು ಶಾಂಘೈ 2016ರಲ್ಲಿ ಬಂದವು. ಫ್ಲೋರಿಡಾದಲ್ಲಿ ನಾಲ್ಕು ಪಾರ್ಕ್‌ಗಳಿವೆ. ಅನಾಹೈಮ್, ಟೋಕಿಯೊ, ಪ್ಯಾರಿಸ್‌ನಲ್ಲಿ ತಲಾ ಎರಡು. ಹಾಂಗ್‌ಕಾಂಗ್ ಮತ್ತು ಶಾಂಘೈನಲ್ಲಿ ಒಂದೊಂದೇ.

ಅಂದರೆ ಹಾಂಗ್‌ಕಾಂಗ್ ಪಾರ್ಕನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದು. ಫ್ಲೋರಿಡಾಕ್ಕೆ ಪಾರ್ಕ್‌ಗೊಂದು ದಿನ ಎಂದರೂ ನಾಲ್ಕು ದಿನ ಬೇಕು. ಅಷ್ಟೂ ದಿನದ ಟಿಕೆಟ್, ಹೋಟೆಲ್, ಊಟದ ಖರ್ಚು ಸೇರಿಸಿದ ಮೇಲಷ್ಟೇ ಹೋಲಿಕೆ ಸರಿಯಾಗುತ್ತದೆ.

ಮಾಲೀಕತ್ವವೂ ಒಂದೇ ಅಲ್ಲ. ಟೋಕಿಯೊ ಪಾರ್ಕ್ ಡಿಸ್ನಿಯದ್ದಲ್ಲ. ಓರಿಯಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ ಪರವಾನಗಿ ಪಡೆದು ಅದನ್ನು ನಡೆಸುತ್ತಿದೆ. ಹಾಂಗ್‌ಕಾಂಗ್‌ನಲ್ಲಿ ಅಲ್ಲಿನ ಸರ್ಕಾರದ್ದೇ ದೊಡ್ಡ ಪಾಲು. ಶಾಂಘೈನಲ್ಲಿ ಚೀನಾದ ಶೆಂಡಿ ಗ್ರೂಪ್‌ಗೆ ಶೇ 57, ಡಿಸ್ನಿಗೆ ಶೇ 43 ಪಾಲು ಇದೆ.

ಊರಿಗೆ ತಕ್ಕ ವೇಷ

ಅಮೆರಿಕದಲ್ಲಿ ಪಾರ್ಕ್‌ನೊಳಗೆ ಕಾಲಿಟ್ಟ ಕೂಡಲೇ ಸಿಗುವುದು ಮೇನ್ ಸ್ಟ್ರೀಟ್ ಎಂಬ ತೆರೆದ ಬೀದಿ. ಮಳೆ ಹೆಚ್ಚಿರುವ ಟೋಕಿಯೊದಲ್ಲಿ ಅದೇ ಜಾಗಕ್ಕೆ ಗಾಜಿನ ಚಾವಣಿ ಹಾಕಿ ವರ್ಲ್ಡ್ ಬಜಾರ್ ಎಂದು ಹೆಸರಿಟ್ಟಿದ್ದಾರೆ. ಚಳಿ, ಮಳೆಯ ಪ್ಯಾರಿಸ್‌ನಲ್ಲಿ ಬೀದಿಯ ಎರಡೂ ಬದಿಗೆ ಮುಚ್ಚಿದ ಓಣಿಗಳಿವೆ. ನಿಜವಾದ ಕೋಟೆಗಳಿಗೇನೂ ಕೊರತೆಯಿಲ್ಲದ ಫ್ರಾನ್ಸ್‌ನಲ್ಲಿ ಡಿಸ್ನಿ ತನ್ನ ಕೋಟೆಯನ್ನು ಗುಲಾಬಿ ಬಣ್ಣದಲ್ಲಿ, ಕಥೆಪುಸ್ತಕದ ಚಿತ್ರದಂತೆ ಕಟ್ಟಿತು. ಆರಂಭದಲ್ಲಿ ಪ್ಯಾರಿಸ್ ಪಾರ್ಕ್‌ನೊಳಗೆ ವೈನ್ ಸಿಗುತ್ತಿರಲಿಲ್ಲ. ಫ್ರೆಂಚರು ಮುನಿಸಿಕೊಂಡ ಮೇಲೆ 1993ರಲ್ಲಿ ಆ ನಿಯಮ ಸಡಿಲವಾಯಿತು.

ನಂಬಿಕೆಗಳೂ ಕೆಲಸ ಮಾಡಿವೆ. ವಾಸ್ತು ನೋಡಿ ಮನೆ ಕಟ್ಟುವವರಿಗೆ ಹಾಂಗ್‌ಕಾಂಗ್ ಕಥೆ ಹೊಸದೆನಿಸದು. ಅಲ್ಲಿ ಫೆಂಗ್ ಶೂಯಿ ತಜ್ಞರ ಸಲಹೆಯಂತೆ ಪ್ರವೇಶದ್ವಾರವನ್ನು 12 ಡಿಗ್ರಿ ತಿರುಗಿಸಲಾಯಿತು. ಅಮೆರಿಕದ ಹಾಂಟೆಡ್ ಮ್ಯಾನ್ಶನ್ ದೆವ್ವದ ಮನೆ ಹಾಂಗ್‌ಕಾಂಗ್‌ಗೆ ಬರಲೇ ಇಲ್ಲ. ಅದರ ಬದಲು 2013ರಲ್ಲಿ ದೆವ್ವಗಳಿಲ್ಲದ ಮಿಸ್ಟಿಕ್ ಮ್ಯಾನರ್ ತೆರೆಯಿತು. ಅಲ್ಲಿ ಒಂದು ತುಂಟ ಕೋತಿಯದೇ ಕಾರುಬಾರು.

ಮಗುವಿನ ವಯಸ್ಸು, ಎತ್ತರ ನೋಡಿ

ಬಿಡದಿಯ ವಂಡರ್‌ಲಾದಂಥ ನಮ್ಮ ಪಾರ್ಕ್‌ಗಳಲ್ಲಿ ಮಕ್ಕಳ ಟಿಕೆಟ್‌ಗೆ ಎತ್ತರ ಅಳೆಯುವುದು ರೂಢಿ. ಈ ಪಾರ್ಕ್‌ಗಳಲ್ಲಿ ವಯಸ್ಸು ಕೇಳುತ್ತಾರೆ. ಅಮೆರಿಕದಲ್ಲಿ 3ರಿಂದ 9 ವರ್ಷದವರಿಗೆ ಮಕ್ಕಳ ದರ. 10 ತುಂಬಿದರೆ ದೊಡ್ಡವರ ಟಿಕೆಟ್. ಪ್ಯಾರಿಸ್‌ನಲ್ಲಿ 11ರವರೆಗೂ ಮಕ್ಕಳೇ. ಟೋಕಿಯೊದಲ್ಲಿ 3 ವರ್ಷದ ಮಗುವಿಗೂ ಪ್ರವೇಶ ಉಚಿತ, 4ರಿಂದ 11ರವರೆಗೆ ಮಕ್ಕಳ ದರ, 12ರಿಂದ 17ರವರಿಗೆ ಬೇರೆಯೇ ದರ. ಅಜ್ಜ-ಅಜ್ಜಿ ಜೊತೆಗಿದ್ದರೆ ಹಾಂಗ್‌ಕಾಂಗ್‌ನಲ್ಲಿ ಹಿರಿಯರಿಗೆ ಕಡಿಮೆ ದರವಿದೆ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಅಂಥ ರಿಯಾಯಿತಿ ಇಲ್ಲ.

ಎತ್ತರದ ಲೆಕ್ಕ ಶುರುವಾಗುವುದು ರೈಡ್ ಬಾಗಿಲಲ್ಲಿ. ಸ್ಪೇಸ್ ಮೌಂಟನ್ ಎಂಬ ಪ್ರಸಿದ್ಧ ರೋಲರ್ ಕೋಸ್ಟರ್‌ಗೆ ಅನಾಹೈಮ್‌ನಲ್ಲಿ 102 ಸೆಂ.ಮೀ., ಫ್ಲೋರಿಡಾದಲ್ಲಿ 112 ಸೆಂ.ಮೀ. ಎತ್ತರ ಬೇಕು. ಪ್ಯಾರಿಸ್‌ನ ಸ್ಪೇಸ್ ಮೌಂಟನ್ ಹೆಚ್ಚು ರಭಸದ್ದು, ಹಾಗಾಗಿ ಅಲ್ಲಿ 120 ಸೆಂ.ಮೀ. 110 ಸೆಂ.ಮೀ. ಎತ್ತರದ ಮಗು ಅನಾಹೈಮ್‌ನಲ್ಲಿ ಕೂರಬಹುದು, ಉಳಿದೆರಡು ಕಡೆ ಅಳುತ್ತಾ ಹೊರಗೆ ನಿಲ್ಲಬೇಕಾಗುತ್ತದೆ. ಹೊರಡುವ ಮೊದಲು ಮನೆಯ ಗೋಡೆಗೆ ನಿಲ್ಲಿಸಿ ಅಳೆದುಕೊಂಡರೆ ಈ ನಿರಾಸೆ ತಪ್ಪುತ್ತದೆ.

ಸಾಲಿಗೂ ದುಡ್ಡು

ಸರತಿ ಸಾಲು ತಪ್ಪಿಸುವ ಫಾಸ್ಟ್‌ಪಾಸ್ ವ್ಯವಸ್ಥೆಯನ್ನು ಡಿಸ್ನಿ 1999ರಲ್ಲಿ ಉಚಿತವಾಗಿ ತಂದಿತ್ತು. ಅಮೆರಿಕದಲ್ಲಿ 2021ರಲ್ಲಿ ಅದರ ಜಾಗಕ್ಕೆ ಹಣ ಕೊಟ್ಟು ಪಡೆಯುವ ಲೈಟ್ನಿಂಗ್ ಲೇನ್ ಬಂತು. ಟೋಕಿಯೊ, ಪ್ಯಾರಿಸ್, ಹಾಂಗ್‌ಕಾಂಗ್‌ಗಳಲ್ಲಿ ಇಂಥದ್ದೇ ಸೌಲಭ್ಯಕ್ಕೆ ಪ್ರೀಮಿಯರ್ ಆಕ್ಸೆಸ್ ಎಂಬ ಹೆಸರು. ಹಾಗಾಗಿ ಪ್ರವೇಶ ಟಿಕೆಟ್‌ನ ದರವಷ್ಟೇ ನೋಡಿ ಬಜೆಟ್ ಹಾಕಿದರೆ ಲೆಕ್ಕ ತಪ್ಪುತ್ತದೆ.

ದಿನಾಂಕವೂ ಮುಖ್ಯ. ನಮ್ಮ ಶಾಲೆಗಳ ಬೇಸಿಗೆ ರಜೆಯಲ್ಲೇ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನಲ್ಲಿ ಗೋಲ್ಡನ್ ವೀಕ್ ರಜೆ. ದಸರಾ ರಜೆಯ ಆಸುಪಾಸಿನಲ್ಲಿ, ಅಕ್ಟೋಬರ್ 1ರಿಂದ ಚೀನಾದಲ್ಲಿ ರಾಷ್ಟ್ರೀಯ ರಜೆಯ ವಾರ. ಈ ದಿನಗಳಲ್ಲಿ ಅಲ್ಲಿ ಜನಜಂಗುಳಿ ಖಚಿತ.

ದುಡ್ಡಿಲ್ಲದೆ ಸಿಗುವ ಒಂದು ಅನುಕೂಲವೂ ಇದೆ. ಮಗು ಚಿಕ್ಕದಾಗಿದ್ದರೆ ರೈಡರ್ ಸ್ವಿಚ್ ಕೇಳಿ. ಅಪ್ಪ ರೈಡ್ ಮುಗಿಸಿ ಬರುವವರೆಗೆ ಅಮ್ಮ ಮಗುವನ್ನು ನೋಡಿಕೊಳ್ಳಬಹುದು. ಆಮೇಲೆ ಅಮ್ಮ ಸಾಲಿನ ಕೊನೆಯಿಂದ ಮತ್ತೆ ನಿಲ್ಲಬೇಕಿಲ್ಲ.

ಊಟ ಮತ್ತು ಓಡಾಟ

ಸಸ್ಯಾಹಾರಿ ಕುಟುಂಬಗಳಿಗೆ ಇದು ಮುಖ್ಯ. ಅಮೆರಿಕದ ಡಿಸ್ನಿ ಪಾರ್ಕ್‌ಗಳೊಳಗೆ ಮನೆಯ ತಿಂಡಿ ಒಯ್ಯಬಹುದು. ಚಪಾತಿ, ಚಟ್ನಿಪುಡಿ ಚೀಲದಲ್ಲಿದ್ದರೆ ಯಾರೂ ಬೇಡ ಎನ್ನುವುದಿಲ್ಲ, ಗಾಜಿನ ಬಾಟಲಿ ಮಾತ್ರ ಬಿಡುವುದಿಲ್ಲ. ಟೋಕಿಯೊದಲ್ಲಿ ಬುತ್ತಿ ಒಳಗೆ ಒಯ್ಯುವಂತಿಲ್ಲ, ಗೇಟಿನ ಹೊರಗಿನ ಪಿಕ್‌ನಿಕ್ ಜಾಗದಲ್ಲಿ ಕೂತು ತಿನ್ನಬೇಕು.

ಸಾರಿಗೆಯಲ್ಲಿ ಏಷ್ಯಾ ಮತ್ತು ಪ್ಯಾರಿಸ್ ಮುಂದೆ. ಟೋಕಿಯೊ ಸ್ಟೇಷನ್‌ನಿಂದ ಮೈಹಾಮಾಗೆ ರೈಲಿನಲ್ಲಿ ಸುಮಾರು 15 ನಿಮಿಷ. ಪ್ಯಾರಿಸ್ ನಗರದಿಂದ ಆರ್‌ಇಆರ್ ಎ ರೈಲಿನಲ್ಲಿ ಸುಮಾರು 40 ನಿಮಿಷ. ಹಾಂಗ್‌ಕಾಂಗ್, ಶಾಂಘೈನಲ್ಲಿ ಮೆಟ್ರೊ ಪಾರ್ಕ್ ಹತ್ತಿರಕ್ಕೇ ಹೋಗುತ್ತದೆ. ಸುಮಾರು 100 ಚದರ ಕಿ.ಮೀ. ಹರಡಿರುವ ಫ್ಲೋರಿಡಾದ ಡಿಸ್ನಿಗೆ ಹೋಗಲು ಕಾರು ಅಥವಾ ಟ್ಯಾಕ್ಸಿಯೇ ಗತಿ. ಒಳಗೆ ಬಸ್, ಮೊನೊರೈಲು ಇವೆ.

ಯಾರಿಗೆ ಯಾವುದು?

ಪುಟ್ಟ ಮಗು, ವಯಸ್ಸಾದ ತಂದೆ-ತಾಯಿ ಜೊತೆಗಿದ್ದು ರಜೆ ಕಡಿಮೆಯಿದ್ದರೆ ಹಾಂಗ್‌ಕಾಂಗ್ ಸಾಕು. ಯುರೋಪ್ ಪ್ರವಾಸದಲ್ಲಿದ್ದರೆ ಪ್ಯಾರಿಸ್‌ಗೆ ಒಂದೆರಡು ದಿನ ಸೇರಿಸಿಕೊಳ್ಳಬಹುದು. ಬೇರೆಲ್ಲೂ ಇಲ್ಲದ್ದನ್ನು ನೋಡಬೇಕು ಎನ್ನುವವರಿಗೆ ಸಮುದ್ರವನ್ನೇ ವಿಷಯವಾಗಿಟ್ಟುಕೊಂಡ ಟೋಕಿಯೊ ಡಿಸ್ನಿಸೀ ಇದೆ. ಅಮೆರಿಕದಲ್ಲಿರುವ ಮಗ-ಮಗಳ ಮನೆಗೆ ಹೋಗುವವರು ಫ್ಲೋರಿಡಾಕ್ಕೆ ಸಮಯ ಕೊಡಲು ಆಗದಿದ್ದರೆ ಅನಾಹೈಮ್ ನೋಡಬಹುದು. ವಾಲ್ಟ್ ಡಿಸ್ನಿ ಸ್ವತಃ ನಿಂತು ಕಟ್ಟಿಸಿ, ತೆರೆದು, ಓಡಾಡಿದ ಪಾರ್ಕ್ ಅದೊಂದೇ.

ಆತುರವಿಲ್ಲದವರು ಇನ್ನೂ ಹತ್ತಿರದ ಊರಿಗೆ ಕಾಯಬಹುದು. ಅಬುಧಾಬಿಯ ಯಾಸ್ ದ್ವೀಪದಲ್ಲಿ ಏಳನೇ ಡಿಸ್ನಿ ತಾಣ ಬರಲಿದೆ ಎಂದು 2025ರ ಮೇನಲ್ಲಿ ಘೋಷಣೆಯಾಗಿದೆ. ಅದನ್ನು ಕಟ್ಟುವ ಹೊಣೆ ಅಲ್ಲಿನ ಮಿರಾಲ್ ಕಂಪನಿಯದು. ಮುಂಬೈಯಿಂದ ಅಲ್ಲಿಗೆ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ.