ಇಪ್ಪತ್ತೊಂದು ರಾಗಿಕಾಳಿನ ತೂಕದ ವಿಷ

63 ಮಿಲಿಗ್ರಾಂ. ಕೊಳಕುಮಂಡಲ ಒಮ್ಮೆ ಕಚ್ಚಿದರೆ ಮೈಗೆ ಇಳಿಯುವ ವಿಷದ ಸರಾಸರಿ ತೂಕ ಇದು. ನಮ್ಮ ದೇಶದ ಹಾವು ಕಡಿತ ಚಿಕಿತ್ಸೆಯ ಮಾರ್ಗಸೂಚಿ ನಿಂತಿರುವುದೇ ಈ ಲೆಕ್ಕದ ಮೇಲೆ. ಸಾವಿರ ರಾಗಿಕಾಳು ತೂಗಿದರೆ ಮೂರು ಗ್ರಾಂ ಆಸುಪಾಸು ಬರುತ್ತದೆ, ಕಾಳೊಂದಕ್ಕೆ ಮೂರು ಮಿಲಿಗ್ರಾಂ. ಅಂಗೈಯಲ್ಲಿ ಇಪ್ಪತ್ತೊಂದು ರಾಗಿಕಾಳು ಹಾಕಿಕೊಂಡು ನೋಡಿ, ಅಷ್ಟೇ ವಿಷ. ಅರವತ್ತು ಕೆ.ಜಿ. ತೂಗುವ ಗಟ್ಟಿಮುಟ್ಟಾದ ರೈತನ ಮೈತೂಕದ ಹತ್ತು ಲಕ್ಷದಲ್ಲಿ ಒಂದು ಪಾಲು. ಆ ಒಂದು ಪಾಲು ಮೈಯೊಳಗಿನ ಐದು ಲೀಟರ್ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸಬಲ್ಲದು.

ಯಗಟಿ ಹೋಬಳಿಯವರಿಗೆ ಈ ಹಾವಿನ ಪರಿಚಯ ಮಾಡಿಸಬೇಕಾಗಿಲ್ಲ. ಕಡೂರು ತಾಲ್ಲೂಕಿನ ಈ ಬಯಲು ಕಡೆ ರಾಗಿ ಹೊಲ, ತೆಂಗಿನ ತೋಟ, ಅಲ್ಲಲ್ಲಿ ಅಡಿಕೆ. ತೋಟದ ಮೂಲೆಯಲ್ಲಿ ಒಣಗಿದ ಗರಿಯ ರಾಶಿ, ಸುಲಿದ ಸಿಪ್ಪೆಯ ಗುಡ್ಡೆ. ಅದರೊಳಗೆ ಇಲಿ, ಇಲಿಯ ಹಿಂದೆ ಮಂಡಲ. ತ್ರೀ ಫೇಸ್ ಕರೆಂಟು ರಾತ್ರಿ ಸರದಿಯಲ್ಲಿ ಬಂದರೆ ಮೋಟರ್ ಹಾಕಲು ಕತ್ತಲಲ್ಲೇ ಹೋಗಬೇಕು. ಸ್ಟಾರ್ಟರ್ ಪೆಟ್ಟಿಗೆಯ ತನಕ ಇರುವುದು ಬದುವಿನ ಮೇಲಿನ ಕಾಲುದಾರಿ, ಕಾಲಲ್ಲಿ ಹವಾಯಿ ಚಪ್ಪಲಿ. ಒಣಗರಿಯ ಬಣ್ಣ ಮತ್ತು ಮಂಡಲದ ಬಣ್ಣಕ್ಕೆ ಹಗಲಲ್ಲೇ ವ್ಯತ್ಯಾಸ ಕಾಣದು.

ಇನ್ನು ಔಷಧದ ಲೆಕ್ಕ. ಭಾರತದಲ್ಲಿ ಸಿಗುವ ವಿಷಹರ ಚುಚ್ಚುಮದ್ದಿನ ಒಂದು ವಯಲ್ ಅಂದರೆ ಹತ್ತು ಮಿಲಿಲೀಟರ್. ಒಂದು ಮಿಲಿಲೀಟರಿಗೆ ನಾಗರಹಾವಿನ ವಿಷ 0.6 ಮಿಲಿಗ್ರಾಂ, ಕೊಳಕುಮಂಡಲದ್ದೂ 0.6, ಕಟ್ಟುಹಾವು ಮತ್ತು ಗರಗಸ ಮಂಡಲದ್ದು ತಲಾ 0.45 ಮಿಲಿಗ್ರಾಂ ಅಡಗಬೇಕು ಎಂಬುದು ನಿಯಮ. ಹಾಗಾಗಿ ಒಂದು ಪೂರ್ತಿ ವಯಲ್ ಸುಮ್ಮನಾಗಿಸುವುದು ಆರು ಮಿಲಿಗ್ರಾಂ ಕೊಳಕುಮಂಡಲದ ವಿಷವನ್ನು, ಎರಡೇ ಎರಡು ರಾಗಿಕಾಳಿನಷ್ಟನ್ನು. 63ನ್ನು ಆರರಿಂದ ಭಾಗಿಸಿ. ವೈದ್ಯರು ಮೊದಲ ಕಂತಿನಲ್ಲೇ ಎಂಟರಿಂದ ಹತ್ತು ವಯಲ್ ಏರಿಸುವುದು ಯಾಕೆಂದು ಅಲ್ಲಿಗೆ ಗೊತ್ತಾಗುತ್ತದೆ. ಒಂದು ಕಡಿತದಲ್ಲಿ 5 ಮಿಲಿಗ್ರಾಮಿನಿಂದ ಹಿಡಿದು 147 ಮಿಲಿಗ್ರಾಂ ತನಕ ಇಳಿಯಬಹುದು. 147 ಇಳಿದಿದ್ದರೆ ವಯಲ್ ಸಂಖ್ಯೆ 25ಕ್ಕೆ ಮುಟ್ಟುತ್ತದೆ. ಮಗುವಿಗೆ ಕಚ್ಚಿದರೂ ವಯಲ್ ಕಡಿಮೆ ಮಾಡುವಂತಿಲ್ಲ. ಮಗು ಎಂದು ಹಾವು ವಿಷ ಕಡಿಮೆ ಬಿಡುವುದಿಲ್ಲವಲ್ಲ.

ವಯಲ್ ಒಳಗಿರುವುದು ಬಿಳಿ ಪುಡಿ. ಅದಕ್ಕೆ ಹತ್ತು ಮಿಲಿಲೀಟರ್ ಶುದ್ಧ ನೀರು ಬಿಟ್ಟು, ನೊರೆ ಏಳದಂತೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಕರಗಿಸಬೇಕು. ಜೋರಾಗಿ ಕುಲುಕಿದರೆ ಪ್ರೋಟೀನು ಕೆಡುತ್ತದೆ. ಹೀಗೆ ಒಂದಾದ ಮೇಲೊಂದು ಹತ್ತು ವಯಲ್ ಕರಗಿಸುವ ನರ್ಸಿನ ಪಕ್ಕದಲ್ಲೇ ಅಲರ್ಜಿ ಕೆರಳಿದರೆ ಕೊಡಲು ಅಡ್ರಿನಾಲಿನ್ ತುಂಬಿದ ಸಿರಿಂಜು ಸಿದ್ಧವಿರಬೇಕು.

ವಿಷ ರಕ್ತಕ್ಕೆ ಸೇರಿದೆಯೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆ ಇನ್ನೂ ಸರಳ. ಹೊಸದಾದ, ಒಣಗಿದ, ಸ್ವಚ್ಛವಾದ ಗಾಜಿನ ಕೊಳವೆಗೆ ಎರಡು ಮಿಲಿಲೀಟರ್ ರಕ್ತ ಹಾಕಿ ಅಲುಗಾಡಿಸದೆ ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡುವುದು. ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಸಮಾಧಾನ. ನೀರಿನ ಹಾಗೆ ಹರಿದರೆ ಮಂಡಲದ ವಿಷ ಕೆಲಸ ಶುರುಮಾಡಿದೆ. ಕೊಳವೆಯನ್ನು ಸೋಪು ಹಾಕಿ ತೊಳೆದಿದ್ದರೆ ಫಲಿತಾಂಶವೇ ತಪ್ಪುತ್ತದೆ, ಪ್ಲಾಸ್ಟಿಕ್ ಕೊಳವೆಯೂ ಆಗದು. ಔಷಧ ಕೊಟ್ಟ ಮೇಲೆ ಆರು ಗಂಟೆ ಬಿಟ್ಟು ಮತ್ತೆ ಇದೇ ಪರೀಕ್ಷೆ. ಖರ್ಚಾಗಿ ಹೋದ ಹೆಪ್ಪುಗಟ್ಟಿಸುವ ಅಂಶಗಳನ್ನು ಹೊಸದಾಗಿ ತಯಾರಿಸಲು ಯಕೃತ್ತಿಗೆ ಅಷ್ಟು ಹೊತ್ತು ಬೇಕು. ಯಾವ ಯಂತ್ರವೂ ಕೇಳದ ಈ ಪರೀಕ್ಷೆ ಹೋಬಳಿ ಮಟ್ಟದ ಆಸ್ಪತ್ರೆಯಲ್ಲೂ ಜೀವ ಉಳಿಸುತ್ತದೆ. ಇದರ ಮೇಲೆ ನನಗೆ ಅಪಾರ ಗೌರವ.

ದೇಶದ ಲೆಕ್ಕಕ್ಕೆ ಬಂದರೆ ಎದೆ ಝಲ್ಲೆನ್ನುತ್ತದೆ. ಸಾವು ಸಂಭವಿಸಿದ ಮನೆಗಳಿಗೇ ಹೋಗಿ, ಮನೆಯವರನ್ನು ಕೇಳಿ, 6,11,483 ಸಾವುಗಳ ವಿವರ ಕಲೆಹಾಕಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 2,833 ಸಾವು ಹಾವು ಕಡಿತದಿಂದ ಆಗಿದ್ದವು. ಅದನ್ನು ಇಡೀ ದೇಶಕ್ಕೆ ಅನ್ವಯಿಸಿದಾಗ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು 12 ಲಕ್ಷ ಎಂದಾಯಿತು. ವರ್ಷಕ್ಕೆ ಸರಾಸರಿ 58,000. ಒಂಬತ್ತು ನಿಮಿಷಕ್ಕೊಂದು ಜೀವ. ಸತ್ತವರಲ್ಲಿ ಹತ್ತಿರಹತ್ತಿರ ಅರ್ಧ ಜನ 30ರಿಂದ 69ರ ವಯಸ್ಸಿನವರು, ಮನೆಯ ದುಡಿಯುವ ಕೈಗಳು. ಕಾಲುಭಾಗಕ್ಕಿಂತ ಹೆಚ್ಚು 15 ತುಂಬದ ಮಕ್ಕಳು. ಎಪ್ಪತ್ತು ತುಂಬುವ ಮೊದಲು ಹಾವು ಕಚ್ಚಿ ಸಾಯುವ ಸಂಭವ ಭಾರತೀಯರಿಗೆ ಸರಾಸರಿ 250ರಲ್ಲಿ ಒಂದು. ಇದು ಬೆಂಗಳೂರಿನ ಹತ್ತನೇ ಮಹಡಿಯಲ್ಲಿರುವವರನ್ನೂ ಸೇರಿಸಿ ಹೇಳಿದ ಸರಾಸರಿ. ಬರಿಗಾಲಲ್ಲಿ ಕಳೆ ತೆಗೆಯುವವರ ಪಾಲಿಗೆ ಎಷ್ಟಾದೀತೋ ನೀವೇ ಊಹಿಸಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಸಣ್ಣ ಕೆಲಸವಲ್ಲ. ಎಣಿಸದೇ ಇದ್ದ ಸಾವಿಗೆ ಔಷಧದ ಇಂಡೆಂಟು ಯಾರು ಹಾಕುತ್ತಾರೆ?

ಈ ವಯಲ್‌ಗಳ ಮೂಲ ಹುಡುಕುತ್ತ ಹೋದರೆ ತಮಿಳುನಾಡಿನ ಮಹಾಬಲಿಪುರದ ಹತ್ತಿರ ವಡನೆಮ್ಮೇಲಿಗೆ ಮುಟ್ಟುತ್ತೇವೆ. ಹಾವು ತಜ್ಞ ರಾಮ್ಯುಲಸ್ ವಿಟೇಕರ್ ಒತ್ತಾಸೆಯಿಂದ 1978ರಲ್ಲಿ ಶುರುವಾದ, ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘ ಅಲ್ಲಿದೆ. ಹಿಡಿದ ಹಾವನ್ನು ಮಣ್ಣಿನ ಮಡಕೆಯಲ್ಲಿ ಮೂರು ವಾರ ಇಟ್ಟುಕೊಂಡು, ನಾಲ್ಕು ಸಲ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ದೇಶದ ವಿಷಹರಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಇಲ್ಲಿಂದಲೇ. ಆ ಕೆಲಸ ಮಾಡಿದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸದಯ್ಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ವಿಷವನ್ನು ಚೂರುಚೂರೇ ಕುದುರೆಗೆ ಚುಚ್ಚಿ, ಕುದುರೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಶುದ್ಧ ಮಾಡಿದರೆ ಔಷಧ ತಯಾರು. ಮೂಲ ವಿಧಾನ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ತೋರಿಸಿಕೊಟ್ಟದ್ದು. 130 ವರ್ಷದಲ್ಲಿ ಶುದ್ಧೀಕರಣ ಸುಧಾರಿಸಿದೆ, ಕುದುರೆ ಮಾತ್ರ ಬದಲಾಗಿಲ್ಲ. ಕುದುರೆಯೂ ತನ್ನ ಜೀವಮಾನದಲ್ಲಿ ನೂರೆಂಟು ರೋಗಾಣುಗಳ ಜೊತೆ ಹೋರಾಡಿರುತ್ತದೆ. ಹಾಗಾಗಿ ವಯಲ್‌ನಲ್ಲಿರುವ ಪ್ರತಿಕಾಯಗಳಲ್ಲಿ ಹಾವಿನ ವಿಷಕ್ಕೆ ಅಂಟುವಂಥವು ಸಣ್ಣ ಪಾಲು ಮಾತ್ರ.

ಇರುಳರು ಕಾಂಚೀಪುರದ ಸುತ್ತ ಹಿಡಿದ ಹಾವಿನ ವಿಷದಿಂದ ತಯಾರಾದ ಔಷಧ ಕಡೂರಿನ ಹಾವಿಗೆ ಹೊಂದುತ್ತದೆಯೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ವರ್ಷಗಳಿಂದ ಬೆನ್ನುಹತ್ತಿರುವ ಪ್ರಶ್ನೆ ಇದು. ದೇಶದ 34 ಕಡೆಗಳಿಂದ 115 ಕೊಳಕುಮಂಡಲಗಳ ವಿಷ ತಂದು ಪರೀಕ್ಷಿಸಿ, 2025ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನಮ್ಮ ಜಿಲ್ಲೆಗೆ ನೇರವಾಗಿ ತಾಗುತ್ತದೆ. ಊರಿನ ಮಳೆ, ಉಷ್ಣಾಂಶಕ್ಕೆ ತಕ್ಕಂತೆ ವಿಷದ ಗುಣವೂ ಬದಲಾಗುತ್ತದೆ. ಒಣಸೀಮೆಯ ಹಾವಿನ ವಿಷದಲ್ಲಿ ಪ್ರೋಟೀನು ಕಡಿಯುವ ಕಿಣ್ವಗಳ ಚಟುವಟಿಕೆ ಹೆಚ್ಚು. ಚಿಕ್ಕಮಗಳೂರು ಜಿಲ್ಲೆಯೊಂದರಲ್ಲೇ ಮಳೆಯ ಅಂತರ ಎಷ್ಟು ನೋಡಿ: ಕಡೂರು ಸೀಮೆಯಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು, ಶೃಂಗೇರಿ ಕಡೆ 3,000 ದಾಟುತ್ತದೆ. ಒಂದೇ ಜಿಲ್ಲಾಸ್ಪತ್ರೆಗೆ ಎರಡೂ ಕಡೆಯ ರೋಗಿಗಳು ಬರುತ್ತಾರೆ, ಇಬ್ಬರಿಗೂ ಅದೇ ವಯಲ್. ಮಲೆನಾಡಿನಲ್ಲಿ ಕಚ್ಚುವ ಗುಳಿಮಂಡಲಕ್ಕಾಗಲಿ ಕಾಳಿಂಗಕ್ಕಾಗಲಿ ಭಾರತದಲ್ಲಿ ಪ್ರತ್ಯೇಕ ವಿಷಹರವೇ ತಯಾರಾಗುವುದಿಲ್ಲ.

ಇದೇ ಸುಣಗಾರ್ ಅವರ ಪ್ರಯೋಗಾಲಯ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಜೋಸೆಫ್ ಜಾರ್ಡೀನ್ ತಂಡದ ಜೊತೆ ಸೇರಿ ಕುದುರೆಯನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. 2024ರ ಫೆಬ್ರವರಿಯಲ್ಲಿ ಪ್ರಕಟವಾದ ಆ ಕೆಲಸದ ಅಂಕಿಗಳನ್ನು ಮೊದಲ ಸಲ ಓದಿದಾಗ ನಾನು ಹಿಂದಕ್ಕೆ ಹೋಗಿ ಸೊನ್ನೆಗಳನ್ನು ಮತ್ತೆ ಎಣಿಸಿದೆ. ಅವರು ಶುರು ಮಾಡಿದ್ದು 5,000 ಕೋಟಿಗೂ ಹೆಚ್ಚು ಬಗೆಯ ಮಾನವ ಪ್ರತಿಕಾಯಗಳ ಭಂಡಾರದಿಂದ. ಒಂದೊಂದು ಯೀಸ್ಟ್ ಕೋಶದ ಮೈಮೇಲೆ ಒಂದೊಂದು ಬಗೆಯ ಪ್ರತಿಕಾಯ. ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ನೋಡುತ್ತ ಕುಳಿತರೆ 5,000 ಕೋಟಿ ಮುಗಿಯಲು 1,585 ವರ್ಷ ಬೇಕು. ಪಕ್ಕದ ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ, ಕ್ರಿ.ಶ. 450ರ ಸುಮಾರಿಗೆ ಶಾಸನ ಕೆತ್ತುತ್ತಿದ್ದಾಗ ಎಣಿಕೆ ಶುರು ಮಾಡಿದ್ದರೂ ಮುಗಿಯುವುದು ನಮ್ಮ ಕಾಲಕ್ಕೇ.

ಪ್ರಯೋಗಾಲಯದಲ್ಲಿ ಅಷ್ಟು ಕಾಯಬೇಕಾಗಲಿಲ್ಲ. ಕಟ್ಟುಹಾವಿನ ಜಾತಿಯ ಒಂದು ಹಾವಿನ ವಿಷದ ಪ್ರೋಟೀನನ್ನು ಗಾಳವಾಗಿ ಬಿಟ್ಟಾಗ ಅದಕ್ಕೆ ಕಚ್ಚಿಕೊಂಡವು ಸುಮಾರು 3,800. ಅದೇ ಬಗೆಯ ಬೇರೆ ನಾಲ್ಕು ವಿಷಗಳಿಗೂ ಅಂಟಬಲ್ಲವು ಯಾವುವೆಂದು ನೋಡಿದಾಗ ಉಳಿದದ್ದು 30. ಆ ಮೂವತ್ತರಲ್ಲಿ ಎದ್ದು ಕಂಡದ್ದು ಒಂದು. ಅದಕ್ಕೆ 95ಮ್ಯಾಟ್5 ಎಂದು ಹೆಸರಿಟ್ಟರು. ನಾಗರ, ಕಟ್ಟುಹಾವು, ಆಫ್ರಿಕಾದ ಬ್ಲ್ಯಾಕ್ ಮಾಂಬಾ ಇವೆಲ್ಲದರ ವಿಷದಲ್ಲೂ ಮೂರು ಬೆರಳಿನ ಆಕಾರದ ಒಂದು ಪ್ರೋಟೀನು ಇರುತ್ತದೆ. ಆ ಬಗೆಯ 149 ರೂಪಗಳಲ್ಲಿ 99ಕ್ಕೆ ಈ ಒಂದೇ ಪ್ರತಿಕಾಯ ಅಂಟಿತು. ಬರೀ ವಿಷ ಕೊಟ್ಟ ಇಲಿಗಳು ನಾಲ್ಕು ಗಂಟೆಯೊಳಗೆ ಸತ್ತವು. ಪ್ರತಿಕಾಯ ಸೇರಿಸಿ ಕೊಟ್ಟವು 24 ಗಂಟೆ ದಾಟಿದ ಮೇಲೂ ಆರೋಗ್ಯವಾಗಿದ್ದವು. ವಿಷ ಚುಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಕೊಟ್ಟಾಗಲೂ ಇಲಿಗಳು ಬದುಕಿದವು. ಮಾಮೂಲಿ ವಿಷಹರಕ್ಕಿಂತ ಇದರ ಸಾಮರ್ಥ್ಯ ಹತ್ತಿರಹತ್ತಿರ 15 ಪಟ್ಟು.

ಆ ಮೂರು ಬೆರಳಿನ ವಿಷದ ಗಾತ್ರ ಎಷ್ಟು ಪುಟ್ಟದು ಎಂದರೆ, ಒಂದೇ ಒಂದು ಮಿಲಿಗ್ರಾಮಿನಲ್ಲಿ ಸುಮಾರು 770 ಕೋಟಿ ಕೋಟಿ ಅಣುಗಳು. ಭೂಮಿಯ ಮೇಲಿನ 800 ಕೋಟಿ ಜನಕ್ಕೆ ಸಮನಾಗಿ ಹಂಚಿದರೆ ತಲೆಗೆ 96 ಲಕ್ಷ. ನರ ಬಂದು ಸ್ನಾಯುವನ್ನು ಸೇರುವ ಜಾಗದಲ್ಲಿ, ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಉದ್ದ, ಅಷ್ಟೇ ಅಗಲದ ಚೌಕದೊಳಗೆ ಹತ್ತು ಸಾವಿರದಷ್ಟು ಗ್ರಾಹಕಗಳು ಒತ್ತೊತ್ತಾಗಿ ನಿಂತಿರುತ್ತವೆ. ನರದ ಆಜ್ಞೆ ಸ್ನಾಯುವಿಗೆ ದಾಟುವುದು ಇವುಗಳ ಮೂಲಕ. ವಿಷದ ಅಣು ಅವುಗಳ ಮೇಲೆ ಕೂತರೆ ಮೊದಲು ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರಾಟದ ಸ್ನಾಯು ನಿಲ್ಲುತ್ತದೆ. 95ಮ್ಯಾಟ್5 ಆ ಗ್ರಾಹಕದ ಆಕಾರವನ್ನೇ ಅನುಕರಿಸಿ ವಿಷವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಒಂದು ಪ್ರತಿಕಾಯ ಹೆಚ್ಚೆಂದರೆ ಎರಡು ವಿಷದ ಅಣು ಹಿಡಿಯಬಲ್ಲದು, ತೂಕದಲ್ಲಿ ಅದು ವಿಷದ ಅಣುವಿಗಿಂತ ಇಪ್ಪತ್ತು ಪಟ್ಟು ದೊಡ್ಡದು. ಮಿಲಿಗ್ರಾಂ ವಿಷಕ್ಕೆ ಹತ್ತು ಮಿಲಿಗ್ರಾಂ ಪ್ರತಿಕಾಯವಾದರೂ ಬೇಕು ಎಂಬ ಲೆಕ್ಕ ಹುಟ್ಟುವುದು ಇದರಿಂದ. ಇಷ್ಟನ್ನು ಕಾರ್ಖಾನೆಯ ತೊಟ್ಟಿಗಳಲ್ಲಿ ಜೀವಕೋಶ ಬೆಳೆಸಿ ತೆಗೆಯಬೇಕು, ಅದೂ ಕೂಲಿಯವನ ಕೈಗೆಟಕುವ ಬೆಲೆಗೆ.

ಆದರೆ ಯಗಟಿಯ ತೆಂಗಿನ ತೋಟದ ಮಂಡಲಕ್ಕೆ ಈ ಪ್ರತಿಕಾಯ ಕೆಲಸ ಮಾಡುವುದಿಲ್ಲ. ಮಂಡಲದ ವಿಷದ ಸಂಸಾರವೇ ಬೇರೆ: ರಕ್ತ ಕೆಡಿಸುವ, ಮಾಂಸ ಕೊಳೆಸುವ, ಮೂತ್ರಪಿಂಡ ಹಾಳು ಮಾಡುವ ಹತ್ತಾರು ಕಿಣ್ವಗಳು ಅದರಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ಅವುಗಳಲ್ಲಿ ಒಂದು ದೊಡ್ಡ ಗುಂಪಾದ ಫಾಸ್ಫೊಲಿಪೇಸ್ ಕಿಣ್ವಗಳನ್ನು ತಡೆಯುವ ವಾರೆಸ್‌ಪ್ಲಾಡಿಬ್ ಎಂಬ ನುಂಗುವ ಔಷಧವನ್ನು ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ 95 ರೋಗಿಗಳ ಮೇಲೆ, ವಿಷಹರದ ಜೊತೆಯಲ್ಲೇ ಕೊಟ್ಟು ಪರೀಕ್ಷಿಸಿದ್ದಾರೆ. ಎಲ್ಲ ರೋಗಿಗಳನ್ನು ಒಟ್ಟು ಸೇರಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕಚ್ಚಿ ಐದು ಗಂಟೆಯೊಳಗೆ ನುಂಗಿದವರಲ್ಲಿ ಮಾತ್ರ ಪ್ರಯೋಜನದ ಸುಳಿವು ಕಂಡಿತು. ನನ್ನ ಆಸೆ ನೆಟ್ಟಿರುವುದು ಈ ಐದು ಗಂಟೆಯ ಮೇಲೆ. ಡ್ರಿಪ್ ಹಾಕಲು ಹಾಸಿಗೆ ಬೇಕು, ನರ್ಸ್ ಬೇಕು, ಅಡ್ರಿನಾಲಿನ್ ಬೇಕು. ನುಂಗುವ ಔಷಧಕ್ಕೆ ಒಂದು ಲೋಟ ನೀರು ಸಾಕು. ಹಗ್ಗ ಬಿಗಿದು, ನಾಟಿ ಔಷಧಿಗೆ ಓಡಾಡಿ, ವಾಹನ ಹುಡುಕುವಷ್ಟರಲ್ಲಿ ಕಳೆದುಹೋಗುವ ಹೊತ್ತನ್ನು ಅದು ಹಿಡಿದಿಡುವಂತಾದರೆ ಆಸ್ಪತ್ರೆಯ ಹತ್ತು ವಯಲ್‌ಗಳಿಗೆ ಕೆಲಸ ಮಾಡಲು ಅವಕಾಶ ಸಿಗುತ್ತದೆ. ಮಂಡಲದ ಉಳಿದ ಕಿಣ್ವಗಳಿಗೆ ಅಂಟುವ ಪ್ರತಿಕಾಯಗಳನ್ನೂ ಇದೇ ರೀತಿ ಕೋಟಿಗಟ್ಟಲೆ ಭಂಡಾರದಿಂದ ಜಾಲಾಡಿ ತೆಗೆಯಬೇಕಾಗಿದೆ. ನಾಗರಕ್ಕೆ 5,000 ಕೋಟಿಯಲ್ಲಿ ಒಂದು ಸಿಕ್ಕಿತು. ಮಂಡಲಕ್ಕೆ ಅಂಥವು ಒಂದಲ್ಲ, ಹಲವು ಬೇಕು, ಮತ್ತು ಅವು ಕಾಂಚೀಪುರದ ಹಾವಿನ ಜೊತೆಗೆ ಕಡೂರಿನ ಒಣಸೀಮೆಯ ಹಾವಿಗೂ ಅಂಟುವಂಥವಾಗಿರಬೇಕು.