ಸುದ್ದಿ ತರುವ ಹೆಣ್ಣುಮಗಳ ಕಚೇರಿ ಯಾವುದು?

ನಮ್ಮ ಆದೋನಿ, ಕೌತಾಳಂ, ಹೊಳಗುಂದ, ಆಲೂರು ಕಡೆ ಪತ್ರಿಕೆಗೆ ಸುದ್ದಿ ಕಳಿಸುವವನನ್ನು ತೆಲುಗಿನಲ್ಲಿ ವಿಲೇಕರಿ ಎನ್ನುತ್ತೇವೆ, ಕನ್ನಡದಲ್ಲಿ ವರದಿಗಾರ ಎನ್ನುತ್ತೇವೆ. ವರದಿಗಾರ್ತಿ ಎಂಬ ಮಾತು ನಮ್ಮ ಬಾಯಿಗೆ ಬೇಗ ಬರುವುದಿಲ್ಲ. ಹತ್ತಿಯ ದರ ಕೇಳಲೋ, ದಸರೆಯ ರಾತ್ರಿ ದೇವರಗಟ್ಟಿನ ಬನ್ನಿ ಉತ್ಸವ ನೋಡಿ ಬರೆಯಲೋ ಹೆಣ್ಣುಮಗಳೊಬ್ಬಳು ಬಂದರೆ ನಾವು ಮೊದಲು ಕೇಳುವುದು, "ಯಾರ ಜೊತೆ ಬಂದೀಯಮ್ಮ?"

ಹಳ್ಳಿಯ ಸುದ್ದಿ ಕಳಿಸುವ ಬಹಳ ಜನರಿಗೆ ತಿಂಗಳ ಸಂಬಳವಿಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಎಂದು ಹಣ. ಕೆಲವರಿಗೆ ಅದೂ ಇಲ್ಲ, ಗುರುತಿನ ಚೀಟಿಯೊಂದೇ. ಮೇಲಿನವನು ಅಸಭ್ಯವಾಗಿ ನಡೆದುಕೊಂಡನೆಂದು ಆಕೆ ದೂರಿದರೆ, "ನೀನು ನಮ್ಮ ನೌಕರಳೇ ಅಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಕಾನೂನಿನ ಮುಂದೆ ನಿಲ್ಲದು.

ಈ ಕಾನೂನಿನ ಬೇರು ಇರುವುದೂ ಒಂದು ಹಳ್ಳಿಯಲ್ಲೇ. ರಾಜಸ್ಥಾನದ ಭಟೇರಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಯೋಜನೆಯ ಕಾರ್ಯಕರ್ತೆ ಭಂವರಿ ದೇವಿಯವರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಅದರ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ವಿಶಾಖಾ ತೀರ್ಪು ಕೊಟ್ಟಿತು. 2013ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಅದರ ಪ್ರಕಾರ ದಿನಗೂಲಿಯವರು, ತಾತ್ಕಾಲಿಕವಾಗಿ ದುಡಿಯುವವರು, ಸಂಬಳವಿಲ್ಲದೆ ಕೆಲಸ ಮಾಡುವವರು, ಎಲ್ಲರೂ ಉದ್ಯೋಗಿಗಳೇ. ಕೆಲಸದ ನಿಮಿತ್ತ ಆಕೆ ಹೋದ ಜಾಗವೂ ಕೆಲಸದ ಸ್ಥಳವೇ. ಅಂದರೆ ನಿಮ್ಮೂರಿನ ಕಟ್ಟೆಯೂ ಆಕೆಯ ಕಚೇರಿ.

ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವಲ್ಲಿ ಮಾಲೀಕರು ಆಂತರಿಕ ಸಮಿತಿ ರಚಿಸಲೇಬೇಕು. ಅಷ್ಟು ಜನರಿಲ್ಲದಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅದಕ್ಕಾಗಿ ಕರ್ನೂಲಿಗೇ ಓಡಬೇಕಾಗಿಲ್ಲ: ತಾಲೂಕು ಮಟ್ಟದಲ್ಲಿ, ಪಟ್ಟಣವಾದರೆ ವಾರ್ಡಿನಲ್ಲಿ ದೂರು ಪಡೆಯಲು ನೋಡಲ್ ಅಧಿಕಾರಿಯನ್ನು ನೇಮಿಸಬೇಕೆಂದಿದೆ. ಅವರು 7 ದಿನದೊಳಗೆ ಅದನ್ನು ಸಮಿತಿಗೆ ಮುಟ್ಟಿಸಬೇಕು. ಘಟನೆ ನಡೆದ 3 ತಿಂಗಳೊಳಗೆ ಬರೆದುಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗುತ್ತದೆ. ನೇಮಿಸಬೇಕೆಂಬುದು ಕಾಗದದ ಮಾತು. ಆ ಅಧಿಕಾರಿ ಯಾರೆಂದು ನಿಮ್ಮ ಮಂಡಲ ಕಚೇರಿಯಲ್ಲಿ ಒಮ್ಮೆ ಕೇಳಿ ನೋಡಿ.

ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಹಳ್ಳಿಯ ಹೆಂಗಸರೇ, ಅವರಲ್ಲೂ ಹಲವರು ದಲಿತ ಹೆಂಗಸರು, 2002ರಿಂದ 'ಖಬರ್ ಲಹರಿಯಾ' ನಡೆಸಿದ್ದಾರೆ. 2015ರಲ್ಲಿ ಅದರ ವರದಿಗಾರ್ತಿಯರಿಗೆ ಒಬ್ಬಾತ ತಿಂಗಳುಗಟ್ಟಲೆ ಫೋನಿನಲ್ಲಿ ಅಶ್ಲೀಲವಾಗಿ ಮಾತಾಡಿ ಕಾಡಿದ. ಪೊಲೀಸರಿಗೆ ಹೇಳಿದರೂ ಕೆಲಸ ಸಾಗಲಿಲ್ಲ. ಆ ಹೆಂಗಸರು ತಮ್ಮ ಪಾಡನ್ನು ತಾವೇ ಬರೆದು ಬಯಲಿಗಿಟ್ಟ ಮೇಲಷ್ಟೇ ಬಂಧನವಾಯಿತು. ಪತ್ರಕರ್ತೆ ಪ್ರಿಯಾ ರಮಣಿ 2018ರಲ್ಲಿ ಹಳೆಯ ಸಂಪಾದಕರಾದ ಎಂ.ಜೆ. ಅಕ್ಬರ್ ಅವರ ಮೇಲೆ ಆರೋಪ ಮಾಡಿದಾಗ ಆಕೆಯೇ ಮಾನನಷ್ಟ ಮೊಕದ್ದಮೆ ಎದುರಿಸಬೇಕಾಯಿತು. ಅಕ್ಬರ್ ಆರೋಪ ಅಲ್ಲಗಳೆದಿದ್ದರು. 2021ರ ಫೆಬ್ರವರಿಯಲ್ಲಿ ನ್ಯಾಯಾಲಯ ಆಕೆಯನ್ನು ಖುಲಾಸೆ ಮಾಡಿತು. ದಶಕಗಳು ಕಳೆದ ಮೇಲೂ ತನ್ನ ನೋವು ಹೇಳಿಕೊಳ್ಳುವ ಹಕ್ಕು ಹೆಣ್ಣಿಗೆ ಇದೆ ಎಂದಿತು.

ಸಮಿತಿಯ ದಾರಿ ಬೇರೆ, ಪೊಲೀಸ್ ಠಾಣೆಯ ದಾರಿ ಬೇರೆ, ಎರಡನ್ನೂ ಹಿಡಿಯಬಹುದು. ಗಡಿಯವರಾದ ನಮಗೆ ಮುಖ್ಯವಾದದ್ದು ಇದು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಂತೆ, ಇಂಥ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಸಿರುಗುಪ್ಪದಲ್ಲಿ ನಡೆದದ್ದಕ್ಕೆ ಆದೋನಿ ಠಾಣೆಯವರು "ಅದು ಕರ್ನಾಟಕದ್ದು, ಅಲ್ಲಿಗೆ ಹೋಗಿ" ಎಂದು ಬರೆದುಕೊಳ್ಳದೆ ಕಳಿಸುವಂತಿಲ್ಲ.