ಎಂಜಿನ್ ಏರಿ ಹುಡುಕಿದ ಕತೆ

1860ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ಗೆ ಬಂದು ನಿಂತ ರೈಲಿನಲ್ಲಿ ಪ್ವಾಂಸೋ ಎಂಬ ಹಿರಿಯ ನ್ಯಾಯಾಧೀಶನ ಹೆಣ ಸಿಕ್ಕಿತು. ಆಗಿನ ಬೋಗಿಗಳಲ್ಲಿ ಒಂದು ಕೋಣೆಯಿಂದ ಮತ್ತೊಂದಕ್ಕೆ ಹೋಗಲು ಓಣಿಯೇ ಇರಲಿಲ್ಲ. ಪ್ರತಿ ಕೋಣೆಗೂ ಹೊರಗೆ ತೆರೆಯುವ ಬಾಗಿಲಷ್ಟೆ. ಸ್ಟೇಷನ್ ಬಿಟ್ಟಿತೆಂದರೆ ಕೂಗಿದರೂ ಕೇಳುವವರಿಲ್ಲ. ಎದುರಿಗೆ ಕೂತವನು ಒಳ್ಳೆಯವನಾಗಿದ್ದರೆ ನಿಮ್ಮ ಪುಣ್ಯ. ಶಾರ್ಲ್ ಜೂಡ್ ಎಂಬವನ ಮೇಲೆ ಆರೋಪ ಬಂತು, ಆಸಾಮಿ ಮಾತ್ರ ಕೈಗೆ ಸಿಗಲಿಲ್ಲ. 1886ರಲ್ಲಿ ಬಾರೆಮ್ ಎಂಬ ಆಡಳಿತಾಧಿಕಾರಿಯೂ ಹೀಗೆಯೇ ರೈಲಿನಲ್ಲಿ ಕೊಲೆಯಾದ. ಆ ಕೊಲೆಗಾರನೂ ಪತ್ತೆಯಾಗಲಿಲ್ಲ.

ಕಾದಂಬರಿಕಾರ ಎಮಿಲ್ ಜೋಲಾ ಇಂಥ ಸುದ್ದಿಗಳನ್ನು ಸುಮ್ಮನೆ ಓದಿ ಮಡಚಿಡುವವನಲ್ಲ. ಜೊತೆಗೆ 1882ರ ಇನ್ನೊಂದು ಪ್ರಕರಣವಿತ್ತು. ಫೆನೆರೂ ಎಂಬ ಔಷಧ ವ್ಯಾಪಾರಿ ಹೆಂಡತಿಯ ಹಳೆಯ ಪ್ರಣಯ ತಿಳಿದು, ಆ ಪ್ರಿಯಕರನನ್ನು ಅವಳ ಕೈಯಿಂದಲೇ ಕರೆಸಿ ಕೊಂದಿದ್ದ. ಮುಚ್ಚಿದ ಡಬ್ಬಿ ಒಂದು ಕಡೆಯಿಂದ, ಹೊಟ್ಟೆಕಿಚ್ಚು ಇನ್ನೊಂದು ಕಡೆಯಿಂದ ಬಂದು ಕೂಡಿಕೊಂಡವು. ಲ ಹಾವ್ರ್ ನಿಲ್ದಾಣದ ಉಪ ಸ್ಟೇಷನ್ ಮಾಸ್ಟರ್ ರೂಬೋ, ಅವನ ಹೆಂಡತಿ ಸೆವರೀನ್, ಇಬ್ಬರೂ ಸೇರಿ ರೈಲಿನಲ್ಲಿ ಕೊಲ್ಲುವ ಗ್ರಾಂಮೊರಾಂ, ಇವರೆಲ್ಲ ಹುಟ್ಟಿದ್ದು ಈ ಕೂಡಿಕೆಯಿಂದ.

ಉಳಿದದ್ದು ರೈಲು. ಮೆದಾಂನಲ್ಲಿ ಜೋಲಾನ ತೋಟದ ಕೆಳಗೇ ಲ ಹಾವ್ರ್ ಮಾರ್ಗದ ಹಳಿಗಳಿದ್ದವು. ಹಗಲು ರಾತ್ರಿ ಅದೇ ಸದ್ದು. ಆದರೂ ಅವನಿಗೆ ಸಾಲಲಿಲ್ಲ. 1889ರ ಏಪ್ರಿಲ್‌ನಲ್ಲಿ ಅನುಮತಿ ಪಡೆದು, ಪ್ಯಾರಿಸ್‌ನಿಂದ ಮಾಂತ್‌ವರೆಗೆ ಡ್ರೈವರ್ ಮತ್ತು ಫೈರ್‌ಮನ್ ಪಕ್ಕದಲ್ಲಿ ನಿಂತು ಪ್ರಯಾಣ ಮಾಡಿದ. ಮುಂದಿನ ವರ್ಷ ‘ಲಾ ಬೇಟ್ ಯುಮೇನ್’ ಕಾದಂಬರಿ ಹೊರಬಂತು. ಹೆಣ್ಣನ್ನು ಬಯಸಿದೊಡನೆ ಕೊಲ್ಲುವ ಹುಚ್ಚೂ ಕೆರಳುವ ಡ್ರೈವರ್ ಜಾಕ್ ಲಾಂತಿಯೇ ಅದರ ನಾಯಕ. ಲೀಸೋಂ ಎಂದು ಹೆಸರಿಟ್ಟು ಅವನು ಪ್ರೀತಿಸುವುದು ತನ್ನ ಎಂಜಿನ್ನನ್ನು.

ಸುಮಾರು ಅರ್ಧ ಶತಮಾನದ ಮೇಲೆ ಇದೇ ಕತೆ ಎರಡನೇ ಸಲ ಸಿಕ್ಕ ರೀತಿ ನನಗೆ ಹೆಚ್ಚು ಇಷ್ಟ, ಏಕೆಂದರೆ ಈ ಸಲ ಶುರುವಾದದ್ದು ಸಾಹಿತ್ಯದಿಂದಲ್ಲ. ನಟ ಜ್ಯಾಂ ಗಾಬ್ಯಾಂಗೆ ಎಂಜಿನ್ ಓಡಿಸುವ ಆಸೆಯಿತ್ತು, ಅಷ್ಟೆ! ಅವನಿಗಾಗಿ ಜ್ಯಾಂ ಗ್ರೆಮಿಯೋಂ ಮಾಡಬೇಕಿದ್ದ ರೈಲಿನ ಚಿತ್ರ ಕೈಗೂಡಲಿಲ್ಲ. ಅವಕಾಶ ನಿರ್ದೇಶಕ ಜ್ಯಾಂ ರೆನ್ವಾರ್‌ಗೆ ಬಂತು. ಎಂದೋ ಓದಿದ್ದ ಜೋಲಾನ ಕಾದಂಬರಿಯನ್ನು ಹಿಡಿದು ಅವನು ಅವಸರದಲ್ಲೇ ಚಿತ್ರಕತೆ ಬರೆದ, ಕಾಲವನ್ನು 1938ಕ್ಕೆ ಎಳೆದುಕೊಂಡ.

ಹಾಗೆ ಎಳೆದಾಗ ಕೊಲೆಯ ದೃಶ್ಯವೇ ಬದಲಾಗಬೇಕಾಯಿತು. ಕಾದಂಬರಿಯಲ್ಲಿ ಲಾಂತಿಯೇ ಹಳಿಯ ಪಕ್ಕ ನಿಂತು, ಮಿಂಚಿ ಮರೆಯಾಗುವ ಕಿಟಕಿಯಲ್ಲಿ ಚೂರಿ ಕಂಡವನು. 1938ರ ಬೋಗಿಗೆ ಓಣಿ ಬಂದಿತ್ತು. ಹಾಗಾಗಿ ರೆನ್ವಾರ್ ಅವನನ್ನು ರೈಲಿನೊಳಗೇ, ಓಣಿಯಲ್ಲೇ ನಿಲ್ಲಿಸಿದ. ಅವನ ಕಣ್ಣಿಗೆ ಎಂಜಿನ್ನಿನ ಮಸಿಯ ಕಣ ಬೀಳಿಸಿದ. ಕೊಲೆ ಮಾಡಿ ಬಂದ ಸೆವರೀನ್ (ಸಿಮೋನ್ ಸಿಮೋನ್) ಅವನತ್ತ ನೋಡುತ್ತಾಳೆ: ಇವನು ನೋಡಿದನೋ ಇಲ್ಲವೋ? ಮುಂದಿನ ಮೋಹವೆಲ್ಲ ಈ ಪ್ರಶ್ನೆಯ ಮೇಲೆ ನಿಂತಿದೆ.

ಲಾಂತಿಯೇ ಪಾತ್ರದ ಗಾಬ್ಯಾಂ ನಿಜವಾಗಿಯೇ ಎಂಜಿನ್ ಓಡಿಸಲು ಕಲಿತ. ಫ್ರಾನ್ಸಿನ ರೈಲ್ವೆ ಕಂಪನಿಗಳು ಆ ಜನವರಿಯಷ್ಟೇ ಒಂದಾಗಿದ್ದವು, ಹೊಸ ಸಂಸ್ಥೆ ಹಳಿಯನ್ನೂ ಎಂಜಿನ್ನನ್ನೂ ಒದಗಿಸಿತು. ಗೋಡೆಯ ಮೇಲೆ ದೃಶ್ಯ ಬಿಂಬಿಸಿ ಓಡುವಂತೆ ತೋರಿಸುವ ಸ್ಟುಡಿಯೋ ಉಪಾಯ ರೆನ್ವಾರ್‌ಗೆ ಬೇಡವಾಗಿತ್ತು. ಅವನ ಅಣ್ಣನ ಮಗ ಕ್ಲೋದ್ ರೆನ್ವಾರ್ ಎಂಜಿನ್ ಪಕ್ಕಕ್ಕೆ ಕ್ಯಾಮೆರಾ ಕಟ್ಟಿದ. ಹೀಗೆ ಹೊರಚಾಚಿದ್ದ ಒಂದು ಕ್ಯಾಮೆರಾ ಬಡಿದು ಹಾಳೂ ಆಯಿತು.

ಇದರ ಫಲ ಚಿತ್ರದ ಮೊದಲ ನಿಮಿಷಗಳಲ್ಲಿದೆ. ಕುಲುಮೆಯ ಬಾಯಿ, ಹಿಂದೆ ಸರಿಯುವ ಹಳಿ, ಸುರಂಗ, ಮತ್ತೆ ಬೆಳಕು. ಗಾಬ್ಯಾಂ ಮತ್ತು ಫೈರ್‌ಮನ್ ಪೆಕೋ ಆಗಿರುವ ಕಾರೆತ್ ಒಂದು ಮಾತನ್ನೂ ಆಡುವುದಿಲ್ಲ, ಆಡಿದರೆ ಆ ಗದ್ದಲದಲ್ಲಿ ಕೇಳಬೇಕಲ್ಲ. ಸಿಳ್ಳೆ, ಕೈಸನ್ನೆ, ಭುಜದ ಮೇಲೊಂದು ತಟ್ಟು. ಕೆಲಸ ಗೊತ್ತಿರುವ ಇಬ್ಬರು ಗಂಡಸರ ಸ್ನೇಹವನ್ನು ಇಷ್ಟು ಚೆನ್ನಾಗಿ ತೋರಿಸಿದ ಚಿತ್ರ ನನಗೆ ಬೇರೆ ನೆನಪಾಗುವುದಿಲ್ಲ. ಲಾಂತಿಯೇಗೆ ತಲೆ ಕೆಡುವುದು ಎಂಜಿನ್ನಿನಿಂದ ಇಳಿದ ಮೇಲೆ.

ಕೊನೆಯನ್ನೂ ರೆನ್ವಾರ್ ಬದಲಿಸಿದ. ಜೋಲಾನಲ್ಲಿ ಡ್ರೈವರ್, ಫೈರ್‌ಮನ್ ಜಗಳವಾಡಿ ಇಬ್ಬರೂ ಹಳಿಗೆ ಬಿದ್ದು ಸಾಯುತ್ತಾರೆ. 1870ರ ಯುದ್ಧಕ್ಕೆ ಸೈನಿಕರನ್ನು ಹೊತ್ತ ರೈಲು ಯಾರ ಹಿಡಿತವೂ ಇಲ್ಲದೆ ನುಗ್ಗುತ್ತದೆ. ರೆನ್ವಾರ್‌ನಲ್ಲಿ ಸೆವರೀನಳನ್ನು ಕೊಂದ ಲಾಂತಿಯೇ ತಾನೇ ಹಾರಿಕೊಳ್ಳುತ್ತಾನೆ. ಪೆಕೋ ರೈಲು ನಿಲ್ಲಿಸಿ, ಇಳಿದು, ಗೆಳೆಯನ ಹತ್ತಿರ ಹಿಂದಕ್ಕೆ ನಡೆಯುತ್ತಾನೆ.